ಕಾಗದದ ಮೇಲಿನ ಹೆಸರು, ಕಾಗದದ ಮೇಲಿನ ಕಸುಬು

ಹಳ್ಳಿಯ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಪಾಠ ಹೇಳುವುದೊಂದೇ ಕೆಲಸವೆಂದು ಯಾರಾದರೂ ಭಾವಿಸಿದ್ದರೆ, ಅವರು ಹಳ್ಳಿಯಲ್ಲಿ ಒಂದು ವಾರವಾದರೂ ತಂಗಿದವರಲ್ಲವೆಂದೇ ಹೇಳಬೇಕು. ಸಹಕಾರ ಸಂಘದ ನೋಟೀಸು, ಜಮೀನಿನ ಪಟ್ಟಾ, ಆಸ್ಪತ್ರೆಯ ಚೀಟಿ, ಇವೆಲ್ಲವೂ ಸಂಜೆಯಾಗುತ್ತಲೇ ನಮ್ಮ ಜಗುಲಿಯನ್ನು ಹುಡುಕಿಕೊಂಡು ಬರುತ್ತವೆ. ಈಚಿನ ವರ್ಷಗಳಲ್ಲಿ ಆ ಸಾಲಿಗೆ ಮತ್ತೊಂದು ಕಾಗದ ಸೇರಿದೆ. ಅದು ಪರದೇಶದ ಉದ್ಯೋಗದ ವೀಸಾ. ಶಿಕ್ಷಕರ ತರಬೇತಿ ಶಾಲೆಯಲ್ಲಿ ನಮಗೆ ಮಗುವಿನ ಮನಸ್ಸನ್ನು ಓದುವ ಬಗೆಯನ್ನು ಕಲಿಸಿದರು. ಈ ಕಾಗದವನ್ನು ಓದುವ ಬಗೆಯನ್ನು ಕಲಿಸಲಿಲ್ಲ. ಅದನ್ನು ಊರಿನವರ ಜೊತೆಯಲ್ಲಿಯೇ ಕಲಿಯಬೇಕಾಯಿತು. ಕಲಿತಷ್ಟನ್ನು ನಮ್ಮ ಸಂಘದ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ಸೇಲಂ, ಧರ್ಮಪುರಿ ಸೀಮೆಯ ಕನ್ನಡಿಗರಿಗೆ ಗಡಿಯೆಂಬುದು ಹೊಸ ವಿಷಯವೇನಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಟಿಪ್ಪು ಸುಲ್ತಾನನ ಕೈಬಿಟ್ಟು ಕುಂಪಣಿಯ ವಶವಾಯಿತು. 1956ರಲ್ಲಿ ಭಾಷಾವಾರು ರಾಜ್ಯಗಳಾದವು. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ನಾವು ಕುಳಿತಲ್ಲಿಯೇ ಕುಳಿತಿದ್ದೆವು. ಗೆರೆಗಳು ನಮ್ಮ ಮೇಲೆ ಹಾದುಹೋದವು. ಹಾಗಿದ್ದರೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವುದಕ್ಕಾಗಲಿ ಹೊಸೂರಿನ ಕಾರ್ಖಾನೆಗೆ ಸೇರುವುದಕ್ಕಾಗಲಿ ಯಾರ ಪರವಾನಗಿಯನ್ನೂ ಬೇಡಬೇಕಾಗಿಲ್ಲ. ಸಮುದ್ರವನ್ನು ದಾಟುವಾಗ ಮಾತ್ರ ಮನುಷ್ಯನಿಗಿಂತ ಅವನ ಕಾಗದ ದೊಡ್ಡದಾಗುತ್ತದೆ.

ಈ ಪಾಠವನ್ನು ಸೇಲಂ ಸೀಮೆ ಹಿಂದೆಯೇ ಕಲಿತಿದೆ. ಇಲ್ಲಿಂದ ಬಡವರು ಕಂಗಾಣಿಯ ಮಾತನ್ನು ನಂಬಿ, ಮಂಡಪಂ ಶಿಬಿರವನ್ನು ಹಾದು, ಸಿಂಹಳದ ಚಹದ ತೋಟಗಳಿಗೆ ಹೋದರು. ಅವರ ಕೈಗೆ ಸಂಖ್ಯೆ ಒತ್ತಿದ ತಗಡಿನ ಬಿಲ್ಲೆಯನ್ನು ಕೊಡುವ ಪದ್ಧತಿಯೂ ಒಂದು ಕಾಲದಲ್ಲಿತ್ತು. ಸಿಂಹಳಕ್ಕೆ ಸ್ವಾತಂತ್ರ್ಯ ಬಂದ 1948ರಲ್ಲಿಯೇ ಅಲ್ಲಿನ ಪೌರತ್ವ ಕಾಯ್ದೆಯು ತಂದೆ, ತಾತಂದಿರ ಜನನದ ದಾಖಲೆಯನ್ನು ಕೇಳಿತು. ತೋಟದ ಸಾಲುಮನೆಗಳಲ್ಲಿ ಹುಟ್ಟಿದವರಲ್ಲಿ ಬಹುಮಂದಿಗೆ ಅಂತಹ ದಾಖಲೆ ಎಲ್ಲಿಂದ ಬರಬೇಕು? 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಅವರ ಒಪ್ಪಂದವಾದಾಗ 5,25,000 ಜನರನ್ನು ಭಾರತಕ್ಕೂ 3,00,000 ಜನರನ್ನು ಸಿಂಹಳಕ್ಕೂ ಹಂಚಿಕೊಳ್ಳಲಾಯಿತು. ಕಣಜದ ರಾಗಿಯನ್ನು ಅಳೆದು ಹಂಚಿದಂತೆ ಜನರನ್ನು ಹಂಚಿದ ಲೆಕ್ಕ ಅದು.

ಇಂದಿನ ವೀಸಾದ ಕಥೆ ಆರಂಭವಾಗುವುದು ವಿಮಾನ ನಿಲ್ದಾಣದಲ್ಲಲ್ಲ, ನಮ್ಮಂತಹವರ ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಮಗುವನ್ನು ಸೇರಿಸಿದ ದಿನ ಬರೆದ ಹೆಸರು ವರ್ಗಾವಣೆ ಪತ್ರಕ್ಕೆ ಹೋಗುತ್ತದೆ. ಅಲ್ಲಿಂದ ಹತ್ತನೆಯ ತರಗತಿಯ ಅಂಕಪಟ್ಟಿಗೆ, ಅಲ್ಲಿಂದ ರಹದಾರಿಗೆ, ರಹದಾರಿಯಿಂದ ವೀಸಾಕ್ಕೆ. ನಮ್ಮ ಮಕ್ಕಳ ಹೆಸರಿಗೆ ಈ ದಾರಿಯಲ್ಲಿ ಒದಗುವ ಅವಸ್ಥೆ ವಿಚಿತ್ರವಾದುದು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ, ಪಕಾರ ಬಕಾರಗಳಿಗೂ ಒಂದೇ. ಇದು ಲಿಪಿಯ ಕೊರತೆಯಲ್ಲ; ತಮಿಳು ಬಲ್ಲವರು ಸಂದರ್ಭವನ್ನು ನೋಡಿ ಸರಿಯಾಗಿಯೇ ಓದಿಕೊಳ್ಳುತ್ತಾರೆ. ಆದರೆ ಅದನ್ನು ಇಂಗ್ಲಿಷಿಗೆ ಇಳಿಸುವ ಗುಮಾಸ್ತನಿಗೆ ಸಂದರ್ಭ ತಿಳಿಯದು. ಮನೆಯ ಬಸಪ್ಪ ಹಾಗೆ ಪಸಪ್ಪನಾಗುತ್ತಾನೆ, ದೊಡ್ಡಯ್ಯ ತೊಟ್ಟಯ್ಯನಾಗುತ್ತಾನೆ. ಅರಬ್ಬಿ ಲಿಪಿಯಲ್ಲಾದರೋ ಪಕಾರವೇ ಇಲ್ಲ. ಆದಕಾರಣ ನಮ್ಮ ಪಸಪ್ಪ ರಿಯಾದಿಗೆ ಹೋದರೆ ಅಲ್ಲಿ ಬಸಬ್ಬನಾಗುತ್ತಾನೆ. ಕಳೆದುಹೋದ ಮೊದಲಕ್ಷರ ಮರುಭೂಮಿಯಲ್ಲಿ ಮರಳಿ ಸಿಕ್ಕಿ, ಕೊನೆಯದು ಕಳೆದುಹೋಗುತ್ತದೆ! ಇದನ್ನು ಹೇಳಿದರೆ ಮಕ್ಕಳು ನಗುತ್ತಾರೆ. ಆದರೆ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು ಹೆಸರು ಇರುವ ತರುಣನಿಗೆ ಇದು ನಗೆಯ ಮಾತಲ್ಲ. ತಮಿಳುನಾಡಿನ ವಾಡಿಕೆಯಂತೆ ತಂದೆಯ ಹೆಸರಿನ ಒಂದಕ್ಷರವನ್ನಷ್ಟೇ ಮುಂದಿಟ್ಟುಕೊಂಡಿದ್ದರೆ ಅದನ್ನೂ ಬಿಡಿಸಿ ಬರೆಯಬೇಕು. ರಹದಾರಿಗೆ ಇಡೀ ಹೆಸರು ಬೇಕು.

ಹೆಸರಿನಷ್ಟೇ ಮುಖ್ಯವಾದದ್ದು ಕಾಗದದ ಮೇಲಿನ ಕಸುಬು. ವೀಸಾ ಎಂದರೆ ಎಲ್ಲವೂ ಆಯಿತೆಂದು ನಮ್ಮವರು ನಂಬುತ್ತಾರೆ. ವಾಸ್ತವವಾಗಿ ಅಲ್ಲಿ ಮೂರು ಅನುಮತಿಗಳಿವೆ. ದೇಶದ ಬಾಗಿಲನ್ನು ದಾಟಲು ಒಂದು, ಇಂಥ ಯಜಮಾನನ ಬಳಿ ಇಂಥ ಕೆಲಸ ಮಾಡಲು ಇನ್ನೊಂದು, ಅಲ್ಲಿ ವಾಸವಾಗಿರಲು ಮತ್ತೊಂದು. ಸೌದಿ ಅರೇಬಿಯಾದಲ್ಲಿ ಈ ವಾಸದ ಚೀಟಿಗೆ ಇಖಾಮಾ ಎನ್ನುತ್ತಾರೆ. ಅದನ್ನು ಮಾಡಿಸಿಕೊಡಬೇಕಾದವನು ಯಜಮಾನ. ಪ್ರವಾಸಿಯ ವೀಸಾದಲ್ಲಿ ಹೋಗಿ ದುಡಿಯತೊಡಗಿದವನಿಗೆ ಮೊದಲನೆಯದು ಮಾತ್ರ ಇರುತ್ತದೆ, ಉಳಿದೆರಡು ಇರುವುದಿಲ್ಲ. ‘ಆಜಾದ್ ವೀಸಾ’ ಎಂದು ಏಜೆಂಟರು ಮಾರುವುದರಲ್ಲಿ ಆಜಾದಿ ಇರುವುದು ಹೆಸರಿನಲ್ಲಿ ಮಾತ್ರ. ಕಾಗದದ ಮೇಲೆ ಒಬ್ಬ ಯಜಮಾನ, ದುಡಿಮೆ ಇನ್ನೊಬ್ಬನಲ್ಲಿ. ಸಿಕ್ಕಿಬಿದ್ದರೆ ಇಬ್ಬರೂ ಅವನವರಲ್ಲ.

ಮೂರು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನೂ ಅವನ ತಾಯಿಯೂ ಅಂತಹ ಕಾಗದವೊಂದನ್ನು ತಂದರು. ಕಂಪನಿಯ ಗೋದಾಮಿನಲ್ಲಿ ಲಾರಿ ಓಡಿಸುವ ಕೆಲಸವೆಂದು ಏಜೆಂಟನು ಹೇಳಿದ್ದನಂತೆ. ಆಕೆ ಕಿವಿಯ ಓಲೆಯನ್ನು ಗಿರವಿ ಇಟ್ಟು ಮುಂಗಡ ಕೊಟ್ಟಿದ್ದಳು. ಕಾಗದದಲ್ಲಿ ಕಸುಬಿನ ಹೆಸರಿದ್ದ ಸಾಲು ಅರಬ್ಬಿಯಲ್ಲಿತ್ತು. ಜಿದ್ದಾದಲ್ಲಿ ಬಹುಕಾಲ ದುಡಿದು ಹಿಂದಿರುಗಿದ ಹಿರಿಯರೊಬ್ಬರು ಪಾಲಕೋಡಿನ ಕಡೆ ಇದ್ದಾರೆ. ಅವರ ಬಳಿಗೆ ಮೂವರೂ ಹೋದೆವು. ನಮ್ಮ ಮನೆಮಾತು ಕನ್ನಡ, ಅವರದು ಉರ್ದು, ಕಾಗದದ್ದು ಅರಬ್ಬಿ; ತಮಿಳು ನಮ್ಮೆಲ್ಲರ ನಡುವೆ ನಿಂತು ಉಪಕಾರ ಮಾಡಿತು. ಹಿರಿಯರು ಕನ್ನಡಕವನ್ನು ಸರಿಪಡಿಸಿಕೊಂಡು ಓದಿ, “ರಾಯೀ ಎಂದಿದೆ. ಕುರಿ ಕಾಯುವವನು” ಎಂದರು.

ಹುಡುಗ ತಲೆ ತಗ್ಗಿಸಲಿಲ್ಲ. “ನಮ್ಮ ತಾತನೂ ಕುರಿ ಕಾಯ್ದವನೇ. ಅದರಲ್ಲಿ ಅವಮಾನವೇನಿದೆ?” ಎಂದ.

“ಕುರಿ ಕಾಯುವುದರಲ್ಲಿ ಅವಮಾನವಿಲ್ಲ ತಮ್ಮಾ, ಆದರೆ ಕಾಯುವವನನ್ನು ಅಲ್ಲಿನ ಕಾನೂನು ಕಾಯುವುದಿಲ್ಲ” ಎಂದರು ಹಿರಿಯರು.

ಅವರ ಮಾತು ಸತ್ಯವಾಗಿತ್ತು. ಸೌದಿ ಸರ್ಕಾರವು 2021ರ ಮಾರ್ಚ್ 14ರಿಂದ ಜಾರಿಗೆ ತಂದ ಸುಧಾರಣೆಯಲ್ಲಿ ಖಾಸಗಿ ಕಂಪನಿಗಳ ಕೆಲಸಗಾರರು ಕೆಲವು ನಿಬಂಧನೆಗಳ ಮೇಲೆ ಯಜಮಾನನ ಒಪ್ಪಿಗೆಯಿಲ್ಲದೆ ಕೆಲಸವನ್ನು ಬದಲಿಸಲು, ಊರಿಗೆ ಬಂದುಹೋಗಲು ಅವಕಾಶವಾಯಿತು. ಮನೆಗೆಲಸದವರು, ಮನೆಯ ಕಾರಿನ ಚಾಲಕರು, ತೋಟದ ಮಾಲಿಗಳು, ಕುರಿಗಾಹಿಗಳು ಮಾತ್ರ ಅದರ ಹೊರಗೆ ಉಳಿದರು. ಹೀಗಾಗಿ ಕಾಗದದ ಒಂದು ಪದದ ಮೇಲೆ ಮನುಷ್ಯನ ಬಿಡುಗಡೆ ನಿಂತಿತ್ತು. ಸಹಿಸಲಾರದೆ ಕೆಲಸ ಬಿಟ್ಟು ಹೊರಟವನನ್ನು ‘ಓಡಿಹೋದವನು’ ಎಂದು ಯಜಮಾನನು ದೂರು ಬರೆಸಿದರೆ ಅದಕ್ಕೆ ಹುರೂಬ್ ಎನ್ನುತ್ತಾರೆ. ಆ ದೂರು ಬಿದ್ದವನ ಇಖಾಮಾ ಬರಿಯ ಕಾಗದ.

ಹುಡುಗ ಹೋಗಲಿಲ್ಲ. ಏಜೆಂಟನಿಂದ ಮುಂಗಡದಲ್ಲಿ ಅರ್ಧವಷ್ಟೇ ಹಿಂದಿರುಗಿತು. ಈಗ ಅವನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಆಳು. ಓಲೆ ಇನ್ನೂ ಗಿರವಿಯಲ್ಲಿದೆ. ಸಂತೆಯಲ್ಲಿ ಸಿಕ್ಕಿದಾಗ ಅವನ ತಾಯಿ, “ಹೋಗಿದ್ದರೆ ಇಷ್ಟು ಹೊತ್ತಿಗೆ ಬಿಡಿಸಿರುತ್ತಿದ್ದನೇನೋ ಮೇಷ್ಟ್ರೇ” ಎಂದಳು. “ಇರಬಹುದು ಅಕ್ಕ” ಎಂದೆವು. ಬೇರೆ ಏನು ಹೇಳಬಹುದಿತ್ತು? ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಖಾಲಿ ಕಿವಿಯ ತಾಯಿಗೆ ಹೇಳಲು ಬಾಯಿ ಬರುವುದಿಲ್ಲ. ಅಲ್ಲಿಗೆ ಹೋಗಿ ಮನೆ ಕಟ್ಟಿಸಿದವರೂ, ತಂಗಿಯರ ಮದುವೆ ಮಾಡಿದವರೂ ನಮ್ಮ ನಡುವೆ ಇದ್ದಾರೆ. ಹೋಗಬೇಡಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಓದಿ ಹೋಗಿರೆಂಬುದಷ್ಟೇ ನಮ್ಮ ಬಿನ್ನಹ.

ನಮ್ಮ ಸರ್ಕಾರವೂ ಹೋಗುವವರಿಗೆ ಕೆಲವು ಕಟ್ಟುಪಾಡುಗಳನ್ನು ಮಾಡಿದೆ. 1983ರ ವಲಸೆ ಕಾಯ್ದೆಯ ಪ್ರಕಾರ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದವರ ರಹದಾರಿ ಸಾಮಾನ್ಯವಾಗಿ ಇ.ಸಿ.ಆರ್. ವರ್ಗಕ್ಕೆ ಸೇರುತ್ತದೆ. ಅವರು ಕೊಲ್ಲಿಯ ರಾಷ್ಟ್ರಗಳೂ ಮಲೇಷಿಯಾವೂ ಸೇರಿದ 18 ದೇಶಗಳಿಗೆ ದುಡಿಯಲು ಹೋಗುವ ಮೊದಲು ವಲಸೆಗಾರರ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಇದನ್ನು ತೊಡಕೆಂದು ಬಗೆದು ತಪ್ಪಿಸಿಕೊಳ್ಳುವವರಿದ್ದಾರೆ. ಆದರೆ ಕರಾರುಪತ್ರವನ್ನು ಒಬ್ಬ ಅಧಿಕಾರಿಯಾದರೂ ನೋಡುವುದು ಈ ದಾರಿಯಲ್ಲಿಯೇ. ನೋಂದಾಯಿತ ಏಜೆಂಟನು ಸೇವಾಶುಲ್ಕವಾಗಿ 30,000 ರೂಪಾಯಿ ಹಾಗೂ ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿದರೆ 10 ಲಕ್ಷ ರೂಪಾಯಿಗಳ ಪ್ರವಾಸಿ ಭಾರತೀಯ ಬಿಮಾ ಯೋಜನೆಯಿದೆ. ತಮಿಳುನಾಡು ಸರ್ಕಾರವು 1978ರಲ್ಲಿ ಸ್ಥಾಪಿಸಿದ ಸಾಗರೋತ್ತರ ಮಾನವಶಕ್ತಿ ನಿಗಮವೂ ಚೆನ್ನೈಯಲ್ಲಿದೆ. ಓಲೆಯನ್ನು ಒತ್ತೆಯಿಡುವ ಮೊದಲು ಇಷ್ಟನ್ನು ತಿಳಿದಿರುವುದು ಮೇಲಲ್ಲವೆ?

ಈ ಹತ್ತನೆಯ ತರಗತಿಯೆಂಬ ಹೊಸ್ತಿಲು ನಮ್ಮ ಮಕ್ಕಳಿಗೆ ಇನ್ನಷ್ಟು ಎತ್ತರವಾಗಿದ್ದುದನ್ನು ವಾಚಕರು ಬಲ್ಲರು. 2006ರ ತಮಿಳು ಕಲಿಕಾ ಕಾಯ್ದೆ ತರಗತಿಯಿಂದ ತರಗತಿಗೆ ಏರುತ್ತ 2015-16ರಲ್ಲಿ ಹತ್ತನೆಯದನ್ನು ಮುಟ್ಟಿದಾಗ, ಅಲ್ಪಸಂಖ್ಯಾತ ಭಾಷೆಗಳ ವಿದ್ಯಾರ್ಥಿಗಳು ವಿನಾಯಿತಿಗಾಗಿ ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ತಮಿಳನ್ನು ಕಲಿಯುವುದು ನಮಗೆ ಹಿತವೇ. ಪಾಲಕೋಡಿನಲ್ಲಿ ಅದೇ ನಮ್ಮ ಕೈ ಹಿಡಿಯಿತು. ಆದರೆ ಒಂದು ಪ್ರಶ್ನೆಪತ್ರಿಕೆಯಲ್ಲಿ ಎಡವಿದ ಹುಡುಗನ ರಹದಾರಿಯ ವರ್ಗವೇ ಬದಲಾಗಬಹುದೆಂಬುದನ್ನು ಶಾಲೆ ನಡೆಸುವವರು ಮರೆಯಬಾರದು.

ಇದೇ ನಾಣ್ಯದ ಇನ್ನೊಂದು ಮುಖವನ್ನು ಹೊಸೂರಿನಲ್ಲಿ ನೋಡಬಹುದು. ಅಲ್ಲಿನ ಕಾರ್ಖಾನೆಗಳಿಗೆ ಹೊರದೇಶದ ಎಂಜಿನಿಯರುಗಳು ಬರುವುದುಂಟು. ಅವರಿಗೆ ಭಾರತವು ಉದ್ಯೋಗ ವೀಸಾ ಕೊಡಬೇಕಾದರೆ ಸಂಬಳವು ವರ್ಷಕ್ಕೆ ಕನಿಷ್ಠ 16,25,000 ರೂಪಾಯಿ ಇರಬೇಕೆಂಬ ನಿಯಮವಿದೆ. 180 ದಿನಗಳಿಗೆ ಮೀರಿದ ವೀಸಾ ಆದರೆ ಬಂದ 14 ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು. ಆ ಸಂಬಳದ ನಿಯಮದಿಂದ ವಿನಾಯಿತಿ ಪಡೆದವರಲ್ಲಿ ಸ್ವದೇಶದ ಅಡಿಗೆ ಮಾಡುವವರೂ, ಅನುವಾದಕರೂ, ಇಂಗ್ಲಿಷ್ ಹೊರತಾದ ಭಾಷೆಗಳನ್ನು ಕಲಿಸುವ ಉಪಾಧ್ಯಾಯರೂ ಇದ್ದಾರೆ. ಭಾಷೆಯ ಮೇಷ್ಟ್ರಿಗೆ ಅಷ್ಟು ಸಂಬಳ ಯಾವ ದೇಶದಲ್ಲಿಯೂ ಇರದೆಂಬುದನ್ನು ಸರ್ಕಾರವೂ ಅರಿತಿರುವಂತಿದೆ! ಕುಶಲಿಯಾದ ಪರದೇಶಿಯು ಅಗ್ಗದ ಆಳಾಗಿ ಬರಕೂಡದೆಂದು ನಾವು ನಿಯಮ ಮಾಡಿದ್ದೇವೆ. ನಮ್ಮ ಕುರಿಗಾಹಿಯನ್ನು ಅಗ್ಗದ ಆಳೆಂದೇ ಕರೆದುಕೊಳ್ಳುವವರ ನಿಯಮ ಬೇರೆ.

2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರ ವಸತಿಗೆ ಬೆಂಕಿ ಬಿದ್ದಿತು. ವಾಯುಸೇನೆಯ ವಿಮಾನವು 45 ಭಾರತೀಯರ ದೇಹಗಳನ್ನು ಕೊಚ್ಚಿಗೆ ತಂದಿತು; ಅವರಲ್ಲಿ ಏಳು ಮಂದಿ ತಮಿಳುನಾಡಿನವರು. ಆ ದಿನಗಳಲ್ಲಿ ಸಮುದ್ರದಾಚೆಗೆ ಮಕ್ಕಳಿದ್ದ ಎಷ್ಟೋ ಮನೆಗಳವರು ಪಟ್ಟಿಯಲ್ಲಿ ಒಂದು ಹೆಸರು ಇರಬಾರದೆಂದು ಬೇಡಿಕೊಳ್ಳುತ್ತ ಅದನ್ನೇ ಹುಡುಕಿದರು. ಅಂತಹ ಹೊತ್ತಿನಲ್ಲಿ ಪಟ್ಟಿಯ ಹೆಸರು ಮನೆಯ ಹೆಸರಿನಂತಿರುವುದು ಎಷ್ಟು ಅವಶ್ಯಕವೆಂಬುದನ್ನು ವಿವರಿಸಬೇಕಾಗಿಲ್ಲ.

ಉಪಾಧ್ಯಾಯರ ಕೈಗೆ ಅರಬ್ ದೇಶಗಳ ಕಾನೂನು ಎಟುಕುವುದಿಲ್ಲ. ಎಟುಕುವುದು ದಾಖಲಾತಿ ಪುಸ್ತಕ. ಆದುದರಿಂದ ಶಾಲೆ ತೆರೆಯುವ ತಿಂಗಳಲ್ಲಿ ನಾವು ಪ್ರತಿಯೊಬ್ಬ ತಾಯಿಯನ್ನೂ ಕೂರಿಸಿಕೊಂಡು, ಮಗುವಿನ ಹೆಸರನ್ನು ಜನನಪತ್ರದೊಡನೆ ಒಪ್ಪಿಸಿ, ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲಿಯೂ ಬರೆದು, ಗಟ್ಟಿಯಾಗಿ ಓದಿ ಕೇಳಿಸುತ್ತೇವೆ. ಐದನೆಯ ತರಗತಿಯ ಮಕ್ಕಳಿಂದ ಪ್ರತಿ ಶನಿವಾರ ಒಂದೊಂದು ಅರ್ಜಿಯ ನಮೂನೆಯನ್ನು ತುಂಬಿಸುತ್ತೇವೆ. ಅದರಲ್ಲಿ ಹೆಸರು, ತಂದೆಯ ಹೆಸರು, ಊರು, ಕಸುಬು ಎಂಬ ಅಂಕಣಗಳಿರುತ್ತವೆ. ಕಸುಬಿನ ಅಂಕಣದಲ್ಲಿ ಮಕ್ಕಳು ತಮ್ಮ ಮನಸ್ಸಿಗೆ ಬಂದದ್ದನ್ನು ಬರೆಯುತ್ತಾರೆ: ಡಾಕ್ಟರು, ಬಸ್ಸಿನ ಡ್ರೈವರು, ಪೊಲೀಸು. ಕಳೆದ ಶನಿವಾರ ಒಬ್ಬಳು ಹುಡುಗಿ ಆ ಅಂಕಣವನ್ನು ಖಾಲಿ ಬಿಟ್ಟು, “ಇದನ್ನು ನಾನೇ ಬರೆಯಬೇಕೋ, ಬೇರೆಯವರು ಬರೆಯುತ್ತಾರೋ?” ಎಂದು ಕೇಳಿದಳು. ನೀನೇ ಬರೆಯಬೇಕೆಂದು ಹೇಳಿ, ಸೀಸದ ಕಡ್ಡಿಯನ್ನು ಮೊನೆಮಾಡಿ ಅವಳ ಕೈಗೆ ಕೊಟ್ಟೆವು.