ಕುಮಾರಧಾರೆಯ ದಡದಲ್ಲಿ ಬಟ್ಟೆಯ ಮನೆ

ಜನವರಿ. ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವಾಗ ಹೊಳೆಗೆ ತಾಗಿಕೊಂಡು ಭಾವನ ಅಡಿಕೆ ತೋಟ ಉಂಟು. ತೋಟದಾಚೆಯ ಬಯಲಿನಲ್ಲಿ ತಂಗಿಯ ಮಗನ ಟ್ರೈಲರ್ ನಿಂತಿದೆ, ಸುಳ್ಯದ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು. ಜೀಪಿನ ಹಿಂದೆ ಬರುವಾಗ ಸೊಂಟದೆತ್ತರದ ಪೆಟ್ಟಿಗೆ. ನಿಲ್ಲಿಸಿ ಹಿಡಿ ತಿರುಗಿಸಿದರೆ ಮಾಡು ಮೇಲೇಳುತ್ತದೆ, ಎರಡು ಬದಿಗೆ ಎರಡು ಮಂಚ ಹೊರಗೆ ಚಾಚುತ್ತವೆ, ಮಾಡೂ ಸುತ್ತಲಿನ ಗೋಡೆಯೂ ಕ್ಯಾನ್ವಾಸ್. ಈ ಅಳಿಯ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕೆಲಸದಲ್ಲಿರುವವನು. ಅಲ್ಲಿ ಇಂಥದ್ದರಲ್ಲಿ ತಿರುಗಿ ಅಭ್ಯಾಸವಾಗಿ, ಊರಿಗೂ ಒಂದು ಬೇಕೆಂದ. ಈ ಸಲ ನಮ್ಮಲ್ಲಿ ಹಿರಿಯರೂ ಮಾತಾಡಿಕೊಳ್ಳುವಂಥ ಚಳಿ. ಅದರೊಳಗೆ ಮಲಗಿ ನೋಡಿದಾಗ ಅರ್ಥವಾಗದೆ ಕಾಡಿದ್ದನ್ನು ಆಗಾಗ ಬರೆದಿಟ್ಟಿದ್ದೇನೆ.

—

ಒಂದೇ ಅಂಗಡಿಯಿಂದ ತಂದ ಎರಡು ಥರ್ಮಾಮೀಟರ್. ಒಂದನ್ನು ಟ್ರೈಲರಿನ ಮಾಡಿನ ಮೇಲೆ ಇಟ್ಟೆವು, ಇನ್ನೊಂದನ್ನು ಹಲಸಿನ ಮರದ ಕೊಂಬೆಗೆ ಎದೆಯೆತ್ತರದಲ್ಲಿ ತೂಗುಹಾಕಿದೆವು. ಬೆಳಗಿನ ಜಾವ ಮರದ್ದು ಹದಿನೈದು ತೋರಿಸುತ್ತದೆ, ಮಾಡಿನದ್ದು ಹನ್ನೆರಡು. ಅದಲು ಬದಲು ಮಾಡಿ ಇಟ್ಟರೂ ಹಾಗೆಯೇ. ಹತ್ತು ಮಾರು ದೂರದಲ್ಲಿ ಎರಡು ಬೇರೆ ಚಳಿ ಇರಲು ಹೇಗೆ ಸಾಧ್ಯ?

ಆಕಾಶ ನೋಡಿದ ಮೇಲೆ ಸ್ವಲ್ಪ ಹೊಳೆಯಿತು. ಮೋಡವಿಲ್ಲದ ರಾತ್ರಿ ನೆಲ, ಎಲೆ, ಬಟ್ಟೆ ಎಲ್ಲವೂ ತಮ್ಮ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತವೆ. ತೆಳ್ಳಗಿನ ಕ್ಯಾನ್ವಾಸು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಹವಾಮಾನ ಇಲಾಖೆಯವರು ಥರ್ಮಾಮೀಟರನ್ನು ನೆಲದಿಂದ ನಾಲ್ಕಡಿಗೆ ಮೇಲೆ, ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ ಇಡುತ್ತಾರೆ. ಪತ್ರಿಕೆಯಲ್ಲಿ ಬರುವುದು ಆ ಪೆಟ್ಟಿಗೆಯ ಅಂಕಿ. ಬಟ್ಟೆಯ ಮಾಡಿನಡಿ ಮಲಗಿದವನ ಚಳಿ ಬೇರೆ.

—

ಮಧ್ಯಾಹ್ನ ಪುತ್ತೂರಿಗೆ ಹೋಗಿದ್ದೆ. ಸುಡುವ ಬಿಸಿಲು. ಅಲ್ಲಿನ ದರ್ಬೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರು. ಅದೇ ಜನ ಬೆಳಿಗ್ಗೆ ಮಫ್ಲರ್ ಸುತ್ತಿದ್ದರು. ಈ ಸೆಕೆ, ಆ ಚಳಿ ಎರಡಕ್ಕೂ ಕಾರಣ ಒಂದೇ ಗಾಳಿ ಎಂದರೆ ನಂಬುವುದು ಕಷ್ಟ. ಆದರೆ ಅದು ಹಾಗೆಯೇ. ಉತ್ತರದ ತಣ್ಣನೆಯ ಒಣಗಾಳಿ ದಖ್ಖನಿನ ಮೇಲೆ ಹರಡಿ ಘಟ್ಟ ಇಳಿದು ಬರುತ್ತದೆ. ಇಳಿಯುವ ಒಣಗಾಳಿ ಒತ್ತಡಕ್ಕೆ ಸಿಕ್ಕಿ ಸಾವಿರ ಮೀಟರಿಗೆ ಸುಮಾರು ಹತ್ತು ಡಿಗ್ರಿಯಂತೆ ಬಿಸಿಯಾಗುತ್ತದೆ. ಅದರ ಮೇಲೆ ಬಿಸಿಲು ಬೇರೆ. ಚಳಿಗಾಲದ ಹಗಲಿನಲ್ಲಿ ಎಷ್ಟೋ ಸಲ ದೇಶಕ್ಕೇ ಹೆಚ್ಚಿನ ಉಷ್ಣಾಂಶ ಕಾರವಾರ, ಹೊನ್ನಾವರ, ಮಂಗಳೂರುಗಳಲ್ಲಿ ದಾಖಲಾಗುವುದು ಇದರಿಂದಲೇ. ರಾತ್ರಿಯಾದರೆ ಅದೇ ಒಣತನ ತಿರುಗಿ ನಿಲ್ಲುತ್ತದೆ. ನೆಲದ ಶಾಖವನ್ನು ಹಿಡಿದಿಡುವ ತೇವವೂ ಇಲ್ಲ, ಮೋಡವೂ ಇಲ್ಲ.

ದೇಶದ ಬಯಲು ಪ್ರದೇಶಗಳಲ್ಲಿ ಶೀತಗಾಳಿ ಎನ್ನಬೇಕಾದರೆ ಉಷ್ಣಾಂಶ 10 ಡಿಗ್ರಿಗೋ ಅದಕ್ಕಿಂತ ಕೆಳಕ್ಕೋ ಇಳಿಯಬೇಕು. ಕರಾವಳಿಯಲ್ಲಿ ಅಷ್ಟು ಇಳಿಯುವುದೇ ಅಪರೂಪವೆಂದು ಇಲಾಖೆ ಇಲ್ಲಿಗೆ 15 ಡಿಗ್ರಿಯ ಬೇರೆ ಅಳತೆ ಇಟ್ಟುಕೊಂಡಿದೆ. ನಮ್ಮ ಹದಿನೈದನ್ನು ಕೇಳಿ ನಗುವ ಬೆಂಗಳೂರಿನ ನೆಂಟರಿಗೆ ಇದನ್ನು ಹೇಳಬೇಕು.

—

ರಬ್ಬರ್ ಟ್ಯಾಪಿಂಗಿನವರು ತಲೆಗೆ ಟಾರ್ಚ್ ಕಟ್ಟಿಕೊಂಡು ಕತ್ತಲಲ್ಲೇ ಗುಡ್ಡೆ ಹತ್ತುತ್ತಾರೆ. ಚಳಿಯಲ್ಲಿ ಹಾಲು ಹೆಚ್ಚು ಹೊತ್ತು ಹರಿಯುತ್ತದೆಂದು ಅವರಿಗೆ ಇದು ಒಳ್ಳೆಯ ಕಾಲ. ಒಬ್ಬರನ್ನು ಕೇಳಿದೆ, ಮೇಲೆ ಚಳಿ ಜಾಸ್ತಿಯಾ ಎಂದು. “ಇಲ್ಲ ಅಣ್ಣ, ಮೇಲೆ ಏನೂ ಇಲ್ಲ. ಈ ನಿಮ್ಮ ಬೈಲಿಗೆ ಇಳಿದ ಕೂಡಲೇ ಕಾಲು ಮರಗಟ್ಟುದು” ಎಂದರು.

ಘಟ್ಟದ ಕಡೆ ಎತ್ತರ ಹೆಚ್ಚಿದಂತೆ ಚಳಿ ಹೆಚ್ಚುತ್ತದೆಂದು ಶಾಲೆಯಲ್ಲಿ ಕಲಿತವನು ನಾನು. 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಆ ಪಾಠ ಸರಿ. ಆದರೆ ಒಂದೇ ಗುಡ್ಡೆಯ ಬುಡ ಮತ್ತು ನೆತ್ತಿಗೆ ಗಾಳಿಯಿಲ್ಲದ ಚಳಿರಾತ್ರಿಯಲ್ಲಿ ಅದು ತಲೆಕೆಳಗು. ತಣ್ಣಗಾದ ಗಾಳಿ ಭಾರವಾಗಿ, ಇಳಿಜಾರಿನಲ್ಲಿ ನೀರಿನಂತೆ ಹರಿದು ಬಂದು ಬಯಲಿನಲ್ಲಿ ನಿಲ್ಲುತ್ತದೆ. ನಾವು ಟ್ರೈಲರ್ ನಿಲ್ಲಿಸಿದ್ದು ಅದು ನಿಲ್ಲುವ ಜಾಗದಲ್ಲೇ. ಭಾವನ ಹಿರಿಯರು ಮನೆಯನ್ನು ತೋಟದ ಪಕ್ಕಕ್ಕೆ ಕಟ್ಟದೆ ಗುಡ್ಡೆಯ ಅರ್ಧಕ್ಕೆ ಕಟ್ಟಿದ್ದು ನೆರೆಗೆ ಹೆದರಿ ಎಂದುಕೊಂಡಿದ್ದೆ. ಚಳಿಯೂ ಲೆಕ್ಕದಲ್ಲಿತ್ತೋ ಏನೋ.

ಬಾವಿಯ ನೀರು ಮಾತ್ರ ಬೆಚ್ಚಗೆ. ಕೊಡ ಎತ್ತಿದರೆ ಹಬೆಯಾಡುತ್ತದೆ. ನೀರು ಬದಲಾಗಿಲ್ಲ, ವರ್ಷದ ಸರಾಸರಿ ಶಾಖದಲ್ಲೇ ಉಂಟು. ಬದಲಾದದ್ದು ಮೇಲಿನ ಗಾಳಿ.

—

“ಮಾವ, ಒಳಗೆ ಮಳೆ ಬರ್ತಾ ಉಂಟು!”

ಅಳಿಯನ ಕೂಗಿಗೆ ಎದ್ದು ನೋಡಿದರೆ ಹೊರಗೆ ನಕ್ಷತ್ರಗಳು. ಒಳಗೆ ಮಾಡಿನ ಬಟ್ಟೆಯಿಂದ ಹನಿ ತೊಟ್ಟಿಕ್ಕುತ್ತಿದೆ, ಕಂಬಳಿಯ ಅಂಚು ಒದ್ದೆ. ಚಳಿಗೆಂದು ಕಿಟಕಿಯ ಪರದೆಗಳ ಜಿಪ್ಪನ್ನೆಲ್ಲ ಎಳೆದಿದ್ದೆವು. ಮನುಷ್ಯನೊಬ್ಬ ಒಂದು ರಾತ್ರಿಯಲ್ಲಿ ಉಸಿರು ಮತ್ತು ಚರ್ಮದ ಮೂಲಕ ಕಾಲು ಲೀಟರಿಗೂ ಮಿಕ್ಕಿ ನೀರು ಬಿಡುತ್ತಾನೆ. ಅದು ಹೋಗಲು ದಾರಿಯಿಲ್ಲದೆ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿತ್ತು. ಮರುರಾತ್ರಿ ಎದುರುಬದುರಿನ ಎರಡು ಕಿಟಕಿಗಳನ್ನು ಒಂದೊಂದು ಗೇಣು ತೆರೆದಿಟ್ಟೆವು. ಬಟ್ಟೆ ಬಹುಪಾಲು ಒಣಗಿಯೇ ಇತ್ತು, ನಿದ್ದೆಯೂ ಬಂತು. ಒದ್ದೆ ಕಂಬಳಿಗಿಂತ ತಣ್ಣನೆಯ ಗಾಳಿ ಎಷ್ಟೋ ವಾಸಿ.

—

ಮೇಲೆ ಎರಡು ಕಂಬಳಿ ಹೊದ್ದರೂ ಬೆನ್ನು ಕೊರೆಯುವುದು ಯಾಕೆ? ಹೊರಚಾಚಿದ ಮಂಚದಡಿ ಇರುವುದು ಬರೀ ಪ್ಲೈವುಡ್, ಅದರಡಿ ಹೊಳೆಯ ಗಾಳಿ. ಹಾಸಿಗೆಯ ಹತ್ತಿ ಮೈಭಾರಕ್ಕೆ ಒತ್ತಿಹೋಗುತ್ತದೆ. ಶಾಖ ತಡೆಯುವುದು ಅದರೊಳಗಿನ ಗಾಳಿ. ಗಾಳಿ ಹೋದರೆ ಹಾಸಿಗೆ ಇದ್ದೂ ಇಲ್ಲ.

ಇದಕ್ಕೆ ಪರಿಹಾರ ಸಿಕ್ಕಿದ್ದು ಸುಳ್ಯದ ಚೆನ್ನಕೇಶವ ದೇವರ ಜಾತ್ರೆಯಲ್ಲಿ. ಅದು ಬರುವುದೂ ಜನವರಿಯ ಚಳಿಯಲ್ಲೇ. ಬಳೆ, ಆಟಿಕೆ, ಮಿಠಾಯಿ ಮಾರುವವರು ಊರಿಂದೂರಿಗೆ ಹೋಗುತ್ತಾ ಟರ್ಪಾಲಿನಡಿ ಮಲಗುವ ಜನ. ಅವರ ಹತ್ತಿರ ಹೊದೆಯಲು ಹೆಚ್ಚೇನೂ ಇರಲಿಲ್ಲ. ಹಾಸಲು ಇತ್ತು: ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ, ಅದರ ಮೇಲೆ ಗೋಣಿ, ಅದರ ಮೇಲೆ ಚಾಪೆ. ಬಂದವನೇ ಟ್ರೈಲರಿನ ಹಾಸಿಗೆಯಡಿಗೆ ದಪ್ಪಕ್ಕೆ ಬೈಹುಲ್ಲು ಹರಡಿಸಿದೆ. ಒಂದು ಕಂಬಳಿ ಸಾಕಾಯಿತು. ಡೇರೆಯಲ್ಲಿ ಬದುಕು ಕಳೆಯುವವರನ್ನು ನಾವು ಯಾರೂ ಕೇಳಿ ಕಲಿಯುವುದಿಲ್ಲ, ಅದೊಂದು ದೊಡ್ಡ ನಷ್ಟ.

—

ಹಲಸಿನ ಮರದಡಿ ನೆಲ ದುಂಡಗೆ ಒಣಗಿದೆ, ಅದರಾಚೆಯ ಹುಲ್ಲೆಲ್ಲ ಇಬ್ಬನಿಗೆ ಒದ್ದೆ. ದಟ್ಟವಾದ ಎಲೆಗಳು ನೆಲಕ್ಕೂ ಆಕಾಶಕ್ಕೂ ನಡುವೆ ನಿಂತಿವೆ, ಅಷ್ಟೇ ವ್ಯತ್ಯಾಸ. ಟ್ರೈಲರನ್ನು ಎಳೆದು ಅಲ್ಲಿಗೆ ತಂದೆವು. ಮಾಡಿನ ಥರ್ಮಾಮೀಟರ್ ಮರದ ಥರ್ಮಾಮೀಟರಿಗೆ ಹೆಚ್ಚುಕಡಿಮೆ ಸಮನಾಯಿತು. ಬಯಲಿನಲ್ಲೇ ನಿಲ್ಲಿಸಬೇಕಾದವರು ಮಾಡಿನ ಮೇಲೆ ಅರ್ಧ ಅಡಿ ಅಂತರ ಬಿಟ್ಟು ಇನ್ನೊಂದು ಟರ್ಪಾಲು ಕಟ್ಟಿದರೂ ಆದೀತು. ಆಕಾಶಕ್ಕೆ ಶಾಖ ಕೊಡುವ ಕೆಲಸವನ್ನು ಅದು ಮಾಡಿಕೊಳ್ಳುತ್ತದೆ.

ಅಂಗಳದಲ್ಲಿ ಚಾಲಿಗೆಂದು ಒಣಹಾಕಿದ ಅಡಿಕೆ. ಸುಮಾರು ನಲವತ್ತು ದಿನದ ಬಿಸಿಲು ಬೇಕು. ಈ ಒಣಹವೆ ಭಾವನಿಗೆ ಖುಷಿ.

—

ಹೊಳೆಬದಿಯಲ್ಲಿ ಕೂತು ಅಳಿಯ 2021ರ ಫೆಬ್ರವರಿಯದ್ದನ್ನು ಹೇಳಿದ. ಹ್ಯೂಸ್ಟನ್ ಅಮೆರಿಕದ ದಕ್ಷಿಣದ ಊರು, ಸೆಕೆಗೆ ಹೆಸರಾದದ್ದು. ಅಲ್ಲಿ ಆ ಸಲ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಕ್ಕೆ ಇಳಿಯಿತು. ಟೆಕ್ಸಾಸ್‌ನಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಕಟ್ಟಡಗಳಿಗೆ ಕರೆಂಟು ಹೋಯಿತು. ನೀರಿನ ಪೈಪುಗಳು ಒಡೆದವು. ಸರಕಾರದ ಲೆಕ್ಕದಲ್ಲೇ 246 ಜನ ತೀರಿಹೋದರು. ಉತ್ತರದ ರಾಜ್ಯಗಳಲ್ಲಿ ಪ್ರತಿವರ್ಷ ಬರುವ ಚಳಿ ದಕ್ಷಿಣದಲ್ಲಿ ಕೊಲ್ಲುವುದು ಯಾಕೆಂದು ಕೇಳಿದೆ. “ಅಲ್ಲಿನ ಎಷ್ಟೋ ಮನೆ ಚಳಿಗೆ ಕಟ್ಟಿದ್ದೇ ಅಲ್ಲ ಮಾವ” ಎಂದ. ನಮ್ಮ ಮನೆಗಳೂ ಹಾಗೆಯೇ, ಹಂಚಿನ ಸಂದಿಯಲ್ಲಿ ಶಾಖ ಹೊರಗೆ ಹೋಗಲೆಂದೇ ಕಟ್ಟಿದವು.

ಆ ದಿನಗಳಲ್ಲಿ ಹ್ಯೂಸ್ಟನ್ ಸುತ್ತಮುತ್ತ ಚಳಿಯಿಂದಲ್ಲದೆ ಹೊಗೆಯಿಂದ ಆಸ್ಪತ್ರೆ ಸೇರಿದವರೇ ನೂರಾರು. ಮನೆಯೊಳಗೆ ಇದ್ದಿಲ ಒಲೆ ಹಚ್ಚಿದವರು, ಗ್ಯಾರೇಜಿನಲ್ಲಿ ಜನರೇಟರ್ ಇಟ್ಟವರು. ನಿಜವಾಗಿ ಅದು ಹೊಗೆಯೂ ಅಲ್ಲ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಕೂರುತ್ತದೆ. ಮಲಗಿದವನಿಗೆ ಎಚ್ಚರವಾಗುವುದಿಲ್ಲ.

ಇದನ್ನು ಬರೆಯಲು ಕಾರಣ ಉಂಟು. ಚಳಿ ಹೆಚ್ಚಾದ ದಿನ ತೋಟದ ಕೆಲಸದವರೊಬ್ಬರು ಪ್ರೀತಿಯಿಂದ ಬಚ್ಚಲೊಲೆಯ ಕೆಂಡವನ್ನು ಬಾಣಲೆಯಲ್ಲಿ ತುಂಬಿ ತಂದು, ಟ್ರೈಲರಿನೊಳಗೆ ಮಂಚದಡಿ ಇಡಿ ಎಂದರು. ಅಳಿಯ ಬಾಗಿಲಲ್ಲೇ ತಡೆದು ಅಂಗಳಕ್ಕೆ ಕೊಂಡೊಯ್ದ. ಜೀಪು, ಡೇರೆ, ಟ್ರೈಲರ್ ಹಿಡಿದು ಈಗ ಬಿಸಿಲೆ, ಸುಬ್ರಹ್ಮಣ್ಯದ ಕಡೆ ಬರುವ ಮಕ್ಕಳಿಗೂ, ಜಾತ್ರೆಯ ಟರ್ಪಾಲಿನಡಿ ಮಲಗುವವರಿಗೂ ನನ್ನದೊಂದೇ ಕೋರಿಕೆ: ಬೆಂಕಿ ಕಾಯಿಸುವುದಿದ್ದರೆ ಹೊರಗೆ, ಬಯಲಿನಲ್ಲಿ. ಕೆಂಡವಾಗಲಿ, ಇದ್ದಿಲಾಗಲಿ, ಗ್ಯಾಸ್ ಒಲೆಯಾಗಲಿ ಮಲಗುವ ಜಾಗಕ್ಕೆ ತರಬೇಡಿ, ಆರಿದಂತೆ ಕಂಡರೂ ತರಬೇಡಿ. ಮೈಯಡಿಗೆ ಹೆಚ್ಚು ಹಾಸಿ, ಕಿಟಕಿ ಗೇಣಷ್ಟು ತೆರೆದಿಡಿ, ಮರದಡಿ ಮಲಗಿ. ನಮ್ಮ ಕಡೆಯ ಚಳಿಗೆ ಅಷ್ಟು ಸಾಕು.