ನ್ಯೂಯಾರ್ಕಿನೊಳಗೊಂದು ಪುಟ್ಟ ಜರ್ಮನಿ

ನ್ಯೂಯಾರ್ಕ್ ನಗರಕ್ಕೆ ಹೋಗುವ ಪ್ರವಾಸಿಗರ ಕಣ್ಣು ಸಾಮಾನ್ಯವಾಗಿ ಮೇಲ್ಮುಖವಾಗಿಯೇ ಇರುತ್ತದೆ. ಮುಗಿಲನ್ನು ಮುಟ್ಟುವ ಮಹಾಸೌಧಗಳನ್ನು ನೋಡಿ ಬೆರಗಾಗುವವರು ಮ್ಯಾನ್‌ಹ್ಯಾಟನ್ ದ್ವೀಪದ ಎರಡನೆಯ ಅವೆನ್ಯೂ ಎಂಬ ಬೀದಿಯತ್ತ ಸುಳಿಯುವುದು ಅಪರೂಪ. ಆ ಬೀದಿಯಲ್ಲಿ, ಸೇಂಟ್ ಮಾರ್ಕ್ಸ್ ಪ್ಲೇಸ್‌ಗೆ ಸಮೀಪದಲ್ಲಿ, ಕೆಂಪು ಇಟ್ಟಿಗೆಯ ಎರಡು ಕಟ್ಟಡಗಳು ಒಂದರ ಮಗ್ಗುಲಲ್ಲೊಂದು ನಿಂತಿವೆ. ಅವುಗಳ ಮುಖಭಾಗದ ತುಂಬ ಸುಟ್ಟ ಮಣ್ಣಿನ ಅಲಂಕಾರ. ಒಂದರ ಮೇಲೆ ಗೂಬೆ, ಭೂಗೋಲ, ಪುಸ್ತಕಗಳು. ಇನ್ನೊಂದರ ಮೇಲೆ ಹಾರ್ವೆ, ಲಿನೇಯಸ್, ಹುಂಬೋಲ್ಟ್ ಮೊದಲಾದ ವಿಜ್ಞಾನಿಗಳ ಮುಖಬಿಂಬಗಳು. ಮೊದಲನೆಯ ಕಟ್ಟಡದ ಬಾಗಿಲ ಮೇಲೆ ಜರ್ಮನ್ ಭಾಷೆಯಲ್ಲಿ ಕೊರೆದಿರುವ ಬರಹದ ಅರ್ಥ, ‘ಉಚಿತ ಪುಸ್ತಕ ಭಂಡಾರ ಮತ್ತು ವಾಚನಾಲಯ’. ಎರಡನೆಯದರ ಮೇಲೂ ಜರ್ಮನ್ ಅಕ್ಷರಗಳೇ. ಅದು ಬಡವರಿಗಾಗಿ ಕಟ್ಟಿಸಿದ ಔಷಧಾಲಯ.

ಇಂಗ್ಲಿಷೇ ರಾಜಭಾಷೆಯಂತಿರುವ ಈ ನಗರದ ನಡುವೆ ಜರ್ಮನ್ ಅಕ್ಷರಗಳು ಬಂದುದು ಹೇಗೆ? ಈ ಎರಡು ಕಟ್ಟಡಗಳನ್ನೂ ಕಟ್ಟಿದುದು ಒಂದು ವೃತ್ತಪತ್ರಿಕೆಯ ಸಂಪಾದನೆ. ಆ ಪತ್ರಿಕೆಯನ್ನು ಬೆಳೆಸಿದವಳು ಒಬ್ಬ ಮಹಿಳೆ. ಅವಳ ಕಥೆಯನ್ನು ಅರಿಯಬೇಕಾದರೆ ಇನ್ನೂ ನೂರು ವರ್ಷ ಹಿಂದಕ್ಕೆ, ನೆರೆಯ ಪೆನ್ಸಿಲ್ವೇನಿಯಕ್ಕೆ, ಹೋಗಬೇಕು.

ಫ್ರಾಂಕ್ಲಿನ್ನನ ಸೋಲು, ಸೌರ್‌ನ ಗೆಲವು

1683ರಲ್ಲಿ ಜರ್ಮನಿಯ ಕ್ರೇಫೆಲ್ಡ್ ಪಟ್ಟಣದಿಂದ ಬಂದ ಹದಿಮೂರು ಕುಟುಂಬಗಳು ಫಿಲಡೆಲ್ಫಿಯದ ಬಳಿ ಜರ್ಮನ್‌ಟೌನ್ ಎಂಬ ಊರನ್ನು ಕಟ್ಟಿಕೊಂಡುವು. ಅವರ ಹಿಂದೆ ಸಾವಿರಾರು ಜನ ಬಂದರು. ಇಷ್ಟೊಂದು ಓದುಗರಿದ್ದ ಮೇಲೆ ಪತ್ರಿಕೆ ನಡೆಯಲೇಬೇಕೆಂದು ಎಣಿಸಿ ಬೆಂಜಮಿನ್ ಫ್ರಾಂಕ್ಲಿನ್ 1732ರಲ್ಲಿ ‘ಫಿಲಡೆಲ್ಫಿಷೆ ತ್ಸೈಟುಂಗ್’ ಎಂಬ ಜರ್ಮನ್ ಪತ್ರಿಕೆಯನ್ನು ಹೊರಡಿಸಿದನು. ಅಮೆರಿಕದ ಮೊದಲ ಜರ್ಮನ್ ಪತ್ರಿಕೆ ಅದೇ. ಆದರೆ ಅದು ಕೆಲವೇ ಸಂಚಿಕೆಗಳಿಗೆ ಕಣ್ಮುಚ್ಚಿತು. ಜರ್ಮನರು ಮನೆಯ ಬೈಬಲಿನಲ್ಲಿ ಓದಿ ಬಲ್ಲ ಫ್ರಾಕ್ಟೂರ್ ಎಂಬ ಮುರಿದ ಬಳ್ಳಿಯಂಥ ಲಿಪಿಯ ಮೊಳೆಗಳು ಫ್ರಾಂಕ್ಲಿನ್ನನಲ್ಲಿರಲಿಲ್ಲ. ಅವನು ಇಂಗ್ಲಿಷಿನ ರೋಮನ್ ಮೊಳೆಗಳಲ್ಲೇ ಜರ್ಮನ್ ಭಾಷೆಯನ್ನು ಅಚ್ಚು ಮಾಡಿದ್ದನು. ಮಾತು ತಮ್ಮದಾದರೂ ಮುಖ ಪರರದೆಂದು ಓದುಗರಿಗೆ ತೋರಿದ್ದರೆ ಆಶ್ಚರ್ಯವೇನು?

1739ರಲ್ಲಿ ಜರ್ಮನ್‌ಟೌನಿನ ಕ್ರಿಸ್ಟೋಫ್ ಸೌರ್ ಫ್ರಾಕ್ಟೂರ್ ಮೊಳೆಗಳನ್ನೇ ಬಳಸಿ ತನ್ನ ಪತ್ರಿಕೆಯನ್ನು ಆರಂಭಿಸಿದನು. ಅದು ಬೇರೂರಿತು. ನಾಲ್ಕು ವರ್ಷಗಳ ತರುವಾಯ, 1743ರಲ್ಲಿ, ಅವನೇ ಅಚ್ಚು ಮಾಡಿದ ಜರ್ಮನ್ ಬೈಬಲು ಅಮೆರಿಕದಲ್ಲಿ ಐರೋಪ್ಯ ಭಾಷೆಯೊಂದರಲ್ಲಿ ಮುದ್ರಿತವಾದ ಮೊತ್ತಮೊದಲ ಬೈಬಲಾಯಿತು.

ಸೌರ್‌ನ ಹಿರಿಮೆ ಮುದ್ರಣದಲ್ಲಷ್ಟೇ ಇರಲಿಲ್ಲ. ಆ ಕಾಲದಲ್ಲಿ ಹಡಗಿನ ಬಾಡಿಗೆ ತೆರಲಾರದ ಬಡವರು ತೀರ ತಲುಪಿದೊಡನೆ ಹಲವು ವರ್ಷಗಳ ಜೀತಕ್ಕೆ ತಮ್ಮನ್ನು ಮಾರಿಕೊಳ್ಳಬೇಕಾಗಿತ್ತು. ಹಡಗಿನಲ್ಲಿ ಇಕ್ಕಟ್ಟು, ರೋಗ, ಕೊಳೆತ ಆಹಾರ; ದಾರಿಯಲ್ಲೇ ಸತ್ತವರು ಬಹುಮಂದಿ. ಈ ಅನ್ಯಾಯವನ್ನು ಸೌರ್ ತನ್ನ ಪತ್ರಿಕೆಯಲ್ಲಿ ಬಯಲಿಗೆಳೆದನು. 1755ರಲ್ಲಿ ಪೆನ್ಸಿಲ್ವೇನಿಯದ ಗವರ್ನರನಿಗೇ ಪತ್ರ ಬರೆದು ಕಾನೂನಿನ ರಕ್ಷಣೆಯನ್ನು ಬೇಡಿದನು. ಪರದೇಶಕ್ಕೆ ಬಂದವನಿಗೆ ಅವನ ಭಾಷೆಯ ಪತ್ರಿಕೆ ಬರಿಯ ಸಮಾಚಾರದ ಹಾಳೆಯಲ್ಲ, ಅವನ ಪರವಾಗಿ ಮಾತನಾಡುವ ಬಾಯಿ ಎಂಬುದು ಅಂದೇ ಸ್ಪಷ್ಟವಾಯಿತು.

ಜರ್ಮನರ ಸಂಖ್ಯೆ ಹೆಚ್ಚಿದಂತೆ ಇಂಗ್ಲಿಷರಿಗೆ ದಿಗಿಲೂ ಹೆಚ್ಚಿತು. ಇವರು ನಮ್ಮ ಭಾಷೆಯನ್ನು ಕಲಿಯುವ ಬದಲು ನಮ್ಮನ್ನೇ ಜರ್ಮನರನ್ನಾಗಿ ಮಾಡಿಬಿಟ್ಟಾರು ಎಂಬ ಆತಂಕವನ್ನು 1751ರಲ್ಲಿ ಬರೆದಿಟ್ಟವನು ಬೇರೆ ಯಾರೂ ಅಲ್ಲ, ಅದೇ ಫ್ರಾಂಕ್ಲಿನ್! ಆದರೆ ಕಾಲು ಶತಮಾನ ಕಳೆಯುವಷ್ಟರಲ್ಲಿ, 1776ರ ಜುಲೈ 5ರಂದು, ಅಮೆರಿಕದ ಸ್ವಾತಂತ್ರ್ಯ ಘೋಷಣೆ ಅಂಗೀಕಾರವಾದ ಸುದ್ದಿಯನ್ನು ಮೊದಲು ಅಚ್ಚು ಮಾಡಿದ ಪತ್ರಿಕೆ ಫಿಲಡೆಲ್ಫಿಯದ ಹೈನ್ರಿಖ್ ಮಿಲ್ಲರನ ಜರ್ಮನ್ ಪತ್ರಿಕೆಯೇ ಆಗಿತ್ತು.

ಪುಟ್ಟ ಜರ್ಮನಿ

ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆಯ ಹೊಳೆ ಮಹಾಪ್ರವಾಹವಾಯಿತು. ಬೆಳೆ ಕೆಟ್ಟ ರೈತರು, ಕಸುಬು ಕಳೆದುಕೊಂಡ ಕೈಗಾರರು, 1848ರ ಕ್ರಾಂತಿ ವಿಫಲವಾದ ಮೇಲೆ ತಲೆಮರೆಸಿಕೊಂಡ ವಿದ್ಯಾವಂತರು, ಎಲ್ಲರೂ ನ್ಯೂಯಾರ್ಕಿನ ರೇವಿನಲ್ಲಿಳಿದರು. ಬೌರಿ ಬೀದಿಯಿಂದ ಈಸ್ಟ್ ನದಿಯವರೆಗೆ ಅವರು ನೆಲೆಸಿದ ಪ್ರದೇಶಕ್ಕೆ ‘ಕ್ಲೈನ್ ಡಾಯ್ಚ್‌ಲಾಂಡ್’, ಅಂದರೆ ಪುಟ್ಟ ಜರ್ಮನಿ, ಎಂದು ಹೆಸರಾಯಿತು. 1855ರ ವೇಳೆಗೆ ಜರ್ಮನ್ ಜನಸಂಖ್ಯೆಯಲ್ಲಿ ಬರ್ಲಿನ್ ಮತ್ತು ವಿಯೆನ್ನಾಗಳನ್ನು ಬಿಟ್ಟರೆ ನ್ಯೂಯಾರ್ಕಿನದೇ ಮೂರನೆಯ ಸ್ಥಾನ. ಅಲ್ಲಿ ಜರ್ಮನ್ ರೊಟ್ಟಿಯಂಗಡಿ, ಜರ್ಮನ್ ಶಾಲೆ, ಗಾನಸಭೆ, ವ್ಯಾಯಾಮಶಾಲೆ, ನಾಟಕಶಾಲೆ, ಲೆಕ್ಕವಿಲ್ಲದಷ್ಟು ಬಿಯರ್ ಮನೆಗಳು. ಇಂಗ್ಲಿಷಿನ ಒಂದು ಮಾತನ್ನೂ ಆಡದೆ ಅಲ್ಲಿ ದಿನ ಕಳೆಯಬಹುದಾಗಿತ್ತು.

ಈ ಜನಕ್ಕಾಗಿ 1834ರಲ್ಲಿ ಹುಟ್ಟಿದುದು ‘ನ್ಯೂಯಾರ್ಕರ್ ಷ್ಟಾಟ್ಸ್-ತ್ಸೈಟುಂಗ್’. 1845ರಲ್ಲಿ ಯಾಕೋಬ್ ಊಲ್ ಎಂಬ ಮುದ್ರಕನು ಅದನ್ನು ಕೊಂಡನು. ವ್ಯೂರ್ಟ್ಸ್‌ಬರ್ಗ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಅವನ ಹೆಂಡತಿ ಆನ್ನಾ ಗಂಡನ ಸರಿಸಮನಾಗಿ ದುಡಿದಳು. ಮೊಳೆ ಜೋಡಿಸುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ ಅವಳು ಅರಿಯದ ಕೆಲಸವಿರಲಿಲ್ಲ. 1852ರಲ್ಲಿ ಯಾಕೋಬ್ ತೀರಿಕೊಂಡನು. ಆರು ಮಕ್ಕಳ ತಾಯಿ, ಅನ್ಯದೇಶ, ಗಂಡಸರದೇ ಆದ ಉದ್ಯಮ. ಪತ್ರಿಕೆಯನ್ನು ಮಾರಿಬಿಡೆಂದು ಕೇಳಿಬಂದವರೂ ಉಂಟು. ಆನ್ನಾ ಒಪ್ಪಲಿಲ್ಲ. ಏಳು ವರ್ಷ ತಾನೇ ಪತ್ರಿಕೆಯನ್ನು ನಡೆಸಿದಳು. 1859ರಲ್ಲಿ, ವಿಯೆನ್ನಾದ ಕ್ರಾಂತಿಯಲ್ಲಿ ಹೋರಾಡಿ ದೇಶ ಬಿಟ್ಟು ಬಂದಿದ್ದ ಓಸ್ವಾಲ್ಡ್ ಓಟನ್‌ಡೋರ್ಫರ್ ಎಂಬ ಸಂಪಾದಕನನ್ನು ಮದುವೆಯಾದಳು. ಬರವಣಿಗೆಯ ಹೊಣೆ ಅವನದು, ವ್ಯವಹಾರದ ಹೊಣೆ ಅವಳದು. 1870ರ ದಶಕದಲ್ಲಿ ಪತ್ರಿಕೆಯ ಪ್ರಸಾರ 50,000ವನ್ನು ಮೀರಿತು. 1873ರಲ್ಲಿ ನಗರಸಭಾ ಭವನದ ಎದುರಿಗೆ ಪತ್ರಿಕೆಯ ಸ್ವಂತ ಸೌಧ ಎದ್ದಿತು. ಅದರ ಮುಂಭಾಗದಲ್ಲಿ ನಿಲ್ಲಿಸಿದ ಪ್ರತಿಮೆಗಳು ಎರಡು: ಒಂದು ಮುದ್ರಣ ಪಿತಾಮಹ ಗುಟೆನ್‌ಬರ್ಗನದು, ಇನ್ನೊಂದು, ಜರ್ಮನರನ್ನು ಕಂಡು ಒಮ್ಮೆ ಅಳುಕಿದ್ದ ಫ್ರಾಂಕ್ಲಿನ್ನನದು!

ಊಲ್ ದಂಪತಿಗಳು ಪತ್ರಿಕೆಯನ್ನು ಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ, 1843ರ ಜುಲೈ 1ರಂದು, ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಿಂದ ಬಂದಿದ್ದ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದರೆಂಬುದು ಕನ್ನಡಿಗರು ನೆನೆಯತಕ್ಕ ಮಾತು. ನ್ಯೂಯಾರ್ಕಿಗೆ ಹೋದ ಜರ್ಮನರು ಪರರ ನಡುವೆ ತಮ್ಮ ನುಡಿಯನ್ನು ಕಾಯಲು ಪತ್ರಿಕೆ ತೆಗೆದರು. ಮಂಗಳೂರಿಗೆ ಬಂದ ಜರ್ಮನರು ನೆಲದ ನುಡಿಯನ್ನೇ ಕಲಿತು ಅದರ ಮೊದಲ ಪತ್ರಿಕೆಯನ್ನು ಕೊಟ್ಟರು.

ಕಥೆಯೂ ರಾಜಕಾರಣವೂ

ಜರ್ಮನ್ ಪತ್ರಿಕೆಗಳಲ್ಲಿ ಏನಿರುತ್ತಿತ್ತು? ತಾಯ್ನಾಡಿನ ಸುದ್ದಿ, ಕೆಲಸ ಮತ್ತು ಬಾಡಿಗೆ ಕೋಣೆಗಳ ಜಾಹೀರಾತು, ಹಡಗುಗಳ ವೇಳೆ, ಅಮೆರಿಕದ ಕಾನೂನುಗಳ ವಿವರಣೆ. ಇವುಗಳ ಜೊತೆಗೆ ಓದುಗರು ಆತುರದಿಂದ ಕಾಯುತ್ತಿದ್ದುದು ಧಾರಾವಾಹಿ ಕಾದಂಬರಿಗಳಿಗೆ. 1851ರಲ್ಲಿ ಸೇಂಟ್ ಲೂಯಿಸ್ ನಗರದ ‘ಆನ್‌ತ್ಸೈಗರ್ ಡೆಸ್ ವೆಸ್ಟೆನ್ಸ್’ ಪತ್ರಿಕೆಯಲ್ಲಿ ಹೈನ್ರಿಖ್ ಬೋರ್ನ್‌ಸ್ಟೈನ್ ಬರೆದ, ಆ ನಗರದ ಗುಟ್ಟುಗಳನ್ನು ಕುರಿತ ಕಾದಂಬರಿ ಎಷ್ಟು ಜನಪ್ರಿಯವಾಯಿತೆಂದರೆ ಅದು ಇಂಗ್ಲಿಷಿಗೂ ಅನುವಾದವಾಯಿತು. ಅದೇ ಊರಿನ ‘ವೆಸ್ಟ್‌ಲಿಖೆ ಪೋಸ್ಟ್’ ಪತ್ರಿಕೆಯಲ್ಲಿ 1868ರಲ್ಲಿ ವರದಿಗಾರನಾಗಿ ಸೇರಿದ ಹಂಗೇರಿಯ ಬಡ ತರುಣನೊಬ್ಬನು ಮುಂದೆ ಅಮೆರಿಕದ ಪತ್ರಿಕಾರಂಗದ ದೊರೆಯಾದನು. ಅವನೇ ಇಂದಿಗೂ ಪ್ರಶಸ್ತಿಯ ರೂಪದಲ್ಲಿ ಹೆಸರುಳಿಸಿಕೊಂಡಿರುವ ಜೋಸೆಫ್ ಪುಲಿಟ್ಜರ್.

ಓದುಗರಿದ್ದಲ್ಲಿ ಮತಗಳೂ ಇರುತ್ತವೆ. ಇದನ್ನು ಅಬ್ರಹಾಂ ಲಿಂಕನ್ ಚೆನ್ನಾಗಿ ಅರಿತಿದ್ದನು. 1859ರ ಮೇ ತಿಂಗಳಲ್ಲಿ ಅವನು ತನ್ನೂರಾದ ಸ್ಪ್ರಿಂಗ್‌ಫೀಲ್ಡಿನಲ್ಲಿ ಒಂದು ಜರ್ಮನ್ ಅಚ್ಚುಕೂಟವನ್ನು ಗುಟ್ಟಾಗಿ ಕೊಂಡು, ತಿಯೋಡೋರ್ ಕಾನಿಸಿಯಸ್ ಎಂಬ ಸಂಪಾದಕನ ಕೈಗೆ ಒಪ್ಪಿಸಿದನು. 1860ರ ಚುನಾವಣೆ ಮುಗಿಯುವವರೆಗೆ ಪತ್ರಿಕೆ ರಿಪಬ್ಲಿಕನ್ ಪಕ್ಷವನ್ನು ಬೆಂಬಲಿಸಬೇಕೆಂಬುದೇ ಕರಾರು. ಗೆದ್ದ ಮೇಲೆ ಲಿಂಕನ್ ಅಚ್ಚುಕೂಟವನ್ನು ಕಾನಿಸಿಯಸ್‌ಗೇ ಬಿಟ್ಟುಕೊಟ್ಟನು. ಅವನನ್ನು ವಿಯೆನ್ನಾಕ್ಕೆ ಕಾನ್ಸಲ್ ಆಗಿಯೂ ಕಳುಹಿಸಿದನು.

1890ರ ದಶಕದಲ್ಲಿ ಅಮೆರಿಕದಲ್ಲಿ ಸುಮಾರು 800 ಜರ್ಮನ್ ಪತ್ರಿಕೆಗಳು ನಡೆಯುತ್ತಿದ್ದುವು. ಪತ್ರಿಕೆಗಳ ಮೊಳೆ ಜೋಡಿಸುವ ರೀತಿಯನ್ನೇ ಬದಲಿಸಿದ ಲೈನೋಟೈಪ್ ಯಂತ್ರವನ್ನು ಕಂಡುಹಿಡಿದ ಓಟ್ಮಾರ್ ಮೆರ್ಗೆಂತಾಲರ್ ಕೂಡ ಜರ್ಮನ್ ವಲಸೆಗಾರನೇ. 1886ರಲ್ಲಿ ಅದು ಮೊದಲು ತಿರುಗಿದುದು ನ್ಯೂಯಾರ್ಕಿನ ಇಂಗ್ಲಿಷ್ ಪತ್ರಿಕೆಯಾದ ‘ಟ್ರಿಬ್ಯೂನ್’ ಕಚೇರಿಯಲ್ಲಿ.

ಆನ್ನಾ ಓಟನ್‌ಡೋರ್ಫರಳಿಗೆ ಬಂದ ಸಂಪತ್ತು ಬಂದವರಿಗೇ ಹಿಂದಿರುಗಿತು. ವೃದ್ಧೆಯರಿಗೆ ಆಶ್ರಯಧಾಮ, ಜರ್ಮನ್ ಆಸ್ಪತ್ರೆಯಲ್ಲಿ ಮಹಿಳಾ ವಿಭಾಗ, ಕಡೆಗೆ ಎರಡನೆಯ ಅವೆನ್ಯೂದ ಔಷಧಾಲಯ ಮತ್ತು ವಾಚನಾಲಯ. ಇವೆರಡರ ಬಾಗಿಲು ತೆರೆಯುವುದನ್ನು ನೋಡುವ ಭಾಗ್ಯ ಅವಳಿಗಿರಲಿಲ್ಲ. 1884ರ ಏಪ್ರಿಲ್‌ನಲ್ಲಿ ಅವಳು ಕಣ್ಮುಚ್ಚಿದಳು. ವಾಚನಾಲಯ ತೆರೆದುದು ಡಿಸೆಂಬರಿನಲ್ಲಿ. ಅಲ್ಲಿಟ್ಟ ಸುಮಾರು 8,000 ಪುಸ್ತಕಗಳಲ್ಲಿ ಅರ್ಧ ಜರ್ಮನ್, ಅರ್ಧ ಇಂಗ್ಲಿಷ್. ಒಳಗೆ ಬಂದವನು ತನ್ನ ಭಾಷೆಯನ್ನು ಮರೆಯಬಾರದು, ಹೊರಗೆ ಹೋಗುವಾಗ ಊರಿನ ಭಾಷೆಯನ್ನು ಕಲಿಯದೆ ಹೋಗಬಾರದು ಎಂಬ ಭಾವ ಆ ಹಂಚಿಕೆಯಲ್ಲೇ ಕಾಣುತ್ತದೆ.

ಒಂದು ಬೆಳಗು, ಒಂದು ಯುದ್ಧ

1904ರ ಜೂನ್ 15ರ ಬೆಳಗು. ಆರನೆಯ ಬೀದಿಯ ಲೂಥರನ್ ಇಗರ್ಜಿಯ ತಾಯಂದಿರೂ ಮಕ್ಕಳೂ ವನಭೋಜನಕ್ಕೆಂದು ‘ಜನರಲ್ ಸ್ಲೋಕಂ’ ಎಂಬ ಹೊಗೆಹಡಗನ್ನೇರಿದರು. ಈಸ್ಟ್ ನದಿಯ ನಡುವೆ ಹಡಗಿಗೆ ಬೆಂಕಿ ಬಿದ್ದಿತು. ಜೀವರಕ್ಷಕ ಪಟ್ಟಿಗಳು ಲಡ್ಡಾಗಿದ್ದುವು. ನೀರಿನ ಕೊಳವೆಗಳು ಒಡೆದುವು. ಸಾವಿರಕ್ಕೂ ಹೆಚ್ಚು ಜನ ಅಸುನೀಗಿದರು. ಕೆಲಸಕ್ಕೆ ಹೋಗಿದ್ದ ಗಂಡಸರು ಸಂಜೆ ಮನೆಗೆ ಬಂದಾಗ ಬಾಗಿಲು ತೆಗೆಯುವವರಿರಲಿಲ್ಲ. ಆ ಬೀದಿಗಳಲ್ಲಿ ಬಾಳುವುದು ಅನೇಕರಿಗೆ ಅಸಹನೀಯವಾಯಿತು. ಮೊದಲೇ ಆರಂಭವಾಗಿದ್ದ ವಲಸೆ ಬಿರುಸಾಗಿ, ಉಳಿದವರೂ ನಗರದ ಉತ್ತರಕ್ಕೆ, ಯಾರ್ಕ್‌ವಿಲ್ ಬಡಾವಣೆಗೆ, ಹೋದರು. ಟಾಂಪ್ಕಿನ್ಸ್ ಸ್ಕ್ವೇರ್ ಉದ್ಯಾನದಲ್ಲಿ 1906ರಲ್ಲಿ ನಿಲ್ಲಿಸಿದ ಪುಟ್ಟ ಕಾರಂಜಿಕಲ್ಲು ಆ ಮಕ್ಕಳ ಸ್ಮಾರಕವಾಗಿದೆ.

ಊರು ಚದರಿದರೂ ಪತ್ರಿಕೆ ಉಳಿದಿತ್ತು. ಅದಕ್ಕೆ ಪೆಟ್ಟು ಬಿದ್ದುದು ಮಹಾಯುದ್ಧದಿಂದ. 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಅದೇ ಅಕ್ಟೋಬರಿನಲ್ಲಿ ಬಂದ ಕಾನೂನಿನಂತೆ, ಸರ್ಕಾರವನ್ನಾಗಲಿ ಯುದ್ಧವನ್ನಾಗಲಿ ಕುರಿತ ಲೇಖನವನ್ನು ಅಚ್ಚು ಮಾಡುವ ಪ್ರತಿಯೊಂದು ಪರಭಾಷಾ ಪತ್ರಿಕೆಯೂ, ವಿಶೇಷ ಪರವಾನಗಿ ಇಲ್ಲದಿದ್ದರೆ, ಅದರ ಇಂಗ್ಲಿಷ್ ಅನುವಾದವನ್ನು ಪ್ರಮಾಣ ಮಾಡಿ ಅಂಚೆಯ ಅಧಿಕಾರಿಗೆ ಒಪ್ಪಿಸಬೇಕಾಯಿತು. ಬಡ ಪತ್ರಿಕೆಗಳಿಗೆ ಅದರ ಖರ್ಚೇ ಮೃತ್ಯುವಾಯಿತು. ಜಾಹೀರಾತುದಾರರು ದೂರ ಸರಿದರು. ಅಯೋವಾ ರಾಜ್ಯದ ಗವರ್ನರನು 1918ರಲ್ಲಿ ಟೆಲಿಫೋನಿನಲ್ಲಿಯೂ ಪರಭಾಷೆಯನ್ನಾಡಕೂಡದೆಂದು ಸಾರಿದನು. ಆನ್ನಾಳ ದಾನ ಪಡೆದಿದ್ದ ಜರ್ಮನ್ ಆಸ್ಪತ್ರೆ ಅದೇ ವರ್ಷ ಹೆಸರು ಬದಲಿಸಿಕೊಂಡು ಲೆನಾಕ್ಸ್ ಹಿಲ್ ಆಸ್ಪತ್ರೆಯಾಯಿತು. ಅದೇ ಯುದ್ಧದ ಬಿರುಗಾಳಿ ಮಂಗಳೂರನ್ನೂ ಮುಟ್ಟಿ, ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಇಲ್ಲಿಂದ ಹೊರಡಬೇಕಾಯಿತು. 1910ರಿಂದ 1920ರೊಳಗೆ ಅಮೆರಿಕದ ಜರ್ಮನ್ ಪತ್ರಿಕೆಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ‘ಷ್ಟಾಟ್ಸ್-ತ್ಸೈಟುಂಗ್’ 1919ರಲ್ಲಿ ‘ಹೆರೋಲ್ಡ್’ ಪತ್ರಿಕೆಯೊಡನೆ ಒಂದಾಗಿ ಜೀವ ಉಳಿಸಿಕೊಂಡಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೈನಿಕದ ಅಂತಸ್ತನ್ನು ಬಿಟ್ಟು ವಾರಪತ್ರಿಕೆಯಾಯಿತು.

ಯುದ್ಧವೊಂದೇ ಕಾರಣವೆನ್ನಲಾಗದು. ವಲಸೆಗಾರನ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದಿದರು. ಮೊಮ್ಮಕ್ಕಳಿಗೆ ಫ್ರಾಕ್ಟೂರ್ ಅಕ್ಷರಗಳು ಅಜ್ಜನ ಪೆಟ್ಟಿಗೆಯ ಚಿತ್ತಾರದಂತೆ ಕಂಡುವು. ಹೊಸ ದೇಶದ ರೀತಿನೀತಿಗಳನ್ನು ಓದುಗರಿಗೆ ಕಲಿಸಿಕೊಟ್ಟುದು ಆ ಪತ್ರಿಕೆಗಳೇ. ಅವು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಅವುಗಳ ಅಗತ್ಯ ಕಡಮೆಯಾಗುತ್ತ ಬಂದಿತು. ಹೊಳೆ ದಾಟಿದವನಿಗೆ ದೋಣಿಯ ಹಂಗೇಕೆ?

ಆದರೆ ಹೊಳೆ ದಾಟುವವರು ಮತ್ತೆ ಬಂದರು. ಹಿಟ್ಲರನ ಹಿಂಸೆಗೆ ಅಂಜಿ ಓಡಿಬಂದ ಯೆಹೂದ್ಯರು ಮ್ಯಾನ್‌ಹ್ಯಾಟನ್ನಿನ ಉತ್ತರ ತುದಿಯ ವಾಷಿಂಗ್ಟನ್ ಹೈಟ್ಸ್‌ನಲ್ಲಿ ನೆಲೆಸಿದರು. ಅವರ ಸಂಘವೊಂದು 1934ರಲ್ಲಿ ಆರಂಭಿಸಿದ ಜರ್ಮನ್ ಪತ್ರಿಕೆ ‘ಆಉಫ್‌ಬಾಉ’, ಎಂದರೆ ಪುನರ್ನಿರ್ಮಾಣ. ಹಾನ್ನಾ ಆರೆಂಟ್, ಥಾಮಸ್ ಮಾನ್ ಮೊದಲಾದವರು ಅದಕ್ಕೆ ಬರೆದರು. ತಮ್ಮನ್ನು ಹೊರದೂಡಿದವರ ಭಾಷೆ ತಮ್ಮದೂ ಹೌದೆಂದು ಅವರು ಬಿಟ್ಟುಕೊಡಲಿಲ್ಲ. 1944ರ ಶರತ್ಕಾಲದಿಂದ ಆ ಪತ್ರಿಕೆ ಯೂರೋಪಿನಲ್ಲಿ ಬದುಕಿ ಉಳಿದವರ ಹೆಸರುಗಳ ಪಟ್ಟಿಯನ್ನು ಅಚ್ಚು ಮಾಡತೊಡಗಿತು. ಚಂದಾದಾರರು ಅಗ್ರಲೇಖನವನ್ನು ಬದಿಗಿಟ್ಟು, ಆ ಸಣ್ಣಕ್ಷರದ ಅಂಕಣಗಳಲ್ಲಿ ತಾಯಿಯ ಹೆಸರನ್ನೋ ತಮ್ಮನ ಹೆಸರನ್ನೋ ಬೆರಳಿಟ್ಟು ಹುಡುಕಿದರು. ವೃತ್ತಪತ್ರಿಕೆಯೊಂದನ್ನು ಇಷ್ಟು ಎದೆಗುದಿಯಿಂದ ಓದಿದ ಕಾಲ ಬೇರೆ ಇದ್ದೀತೆ?

ಆ ಓದುಗರೂ ಒಬ್ಬೊಬ್ಬರಾಗಿ ಕಣ್ಮರೆಯಾದರು. 2004ರಲ್ಲಿ ‘ಆಉಫ್‌ಬಾಉ’ ನ್ಯೂಯಾರ್ಕಿನ ಬೀಡನ್ನು ಬಿಟ್ಟಿತು. ಮರುವರ್ಷದಿಂದ ಅದು ಮಾಸಪತ್ರಿಕೆಯಾಗಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ಹೊರಟಿತು. ಓದುಗರು ಮರಳಿ ಹೋಗಲಾರದ ಸಾಗರವನ್ನು ದಾಟಿ, ಅವರ ಪತ್ರಿಕೆ ಜರ್ಮನ್ ಮಾತನಾಡುವ ನೆಲಕ್ಕೆ ತಾನೊಂದೇ ಹಿಂದಿರುಗಿತು.