ಹೆಸರು ಕೇಳಿದ ಮೇಲೆ

ಬಳ್ಳಾರಿಯಲ್ಲಿ ಬಾಡಿಗೆ ಮನೆ ಕೇಳಿದರೆ ಮೊದಲು ಹೆಸರು ಕೇಳುತ್ತಾರೆ. ಹೆಸರು ಹೇಳಿದ ಮೇಲೆ ಆ ಮನೆ ಇದ್ದಕ್ಕಿದ್ದಂತೆ ಮಾಲೀಕರ ಅಳಿಯನಿಗೆ ಬೇಕಾಗಿರುತ್ತದೆ. 2009ರಲ್ಲಿ ನಾನು ಕೌಲ್ ಬಜಾರ್ ಬಿಟ್ಟು ಬೇರೆ ಕಡೆ ಮನೆ ಹುಡುಕಿದಾಗ ಹೀಗೆ ಎಷ್ಟೋ ಅಳಿಯಂದಿರು ಊರಿಗೆ ಬಂದರು. ಅದು ಗಣಿ ದುಡ್ಡಿನ ಕಾಲ. ಮಾಲೀಕರಿಗೆ ಬಾಡಿಗೆದಾರರ ಕೊರತೆ ಇರಲಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಹಿಂದೆ ಇಲ್ಲವೆಂದಿದ್ದವರಲ್ಲೇ ಒಬ್ಬರು ಫೋನ್ ಮಾಡಿ, “ಮನಿ ಖಾಲಿ ಐತ್ರಿ, ಬರ್ತೀರೇನು?” ಎಂದರು. ಅಳಿಯ ಎಲ್ಲಿ ಹೋದನೋ ಕೇಳಲಿಲ್ಲ.

ಅಷ್ಟರಲ್ಲಿ ಹೆಂಡತಿಗೆ ಸಿರುಗುಪ್ಪದಲ್ಲಿ ಶಿಕ್ಷಕಿ ಕೆಲಸ ಸಿಕ್ಕಿತ್ತು. ಅಲ್ಲಿ ಅಕ್ಕಿ ಮಿಲ್ಲಿನ ಹತ್ತಿರದ ಮಾಳಿಗೆ ಮನೆಯೊಂದು ನಮಗೆ ಒಪ್ಪಿಗೆಯಾಯಿತು. ಮಾಲೀಕರು ಚಹಾ ಕೊಟ್ಟು, “ಸಾಹೇಬ್ರೆ, ನೀವು ಒಳ್ಳೇರು ಅಂತ ನನಗ ಗೊತ್ತೈತ್ರಿ. ನಮ್ಮವ್ವ ಒಪ್ಪಂಗಿಲ್ಲ, ಮಡಿ ಮೈಲಿಗಿ ಅಂತಾಳ” ಎಂದರು. ಅವರು ಮೊಹರಮ್ಮಿನಲ್ಲಿ ಪೀರಲ ದೇವರಿಗೆ ಸಕ್ಕರೆ ಓದಿಸುವವರು. ಪೀರರು ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ, ನಾವು ಹನ್ನೆರಡು ತಿಂಗಳೂ ಇರುವವರು. ವ್ಯತ್ಯಾಸ ಅದೇ ಇರಬೇಕು.

ಕೊನೆಗೆ ಮನೆ ಸಿಕ್ಕಿದ್ದು ಕುರುಗೋಡಿನಲ್ಲಿ, ದೊಡ್ಡಬಸವೇಶ್ವರ ಗುಡಿಗೆ ಹೋಗುವ ಹಾದಿಯಲ್ಲಿ. ಒಡತಿ ವಯಸ್ಸಾದ ವಿಧವೆ. “ಮಾಂಸದ ಅಡಿಗಿ ಮಾಡಂಗಿದ್ರ ಹಿತ್ತಲ ಕಿಟಕಿ ಹಾಕ್ಕೊಳ್ರಿ, ಮತ್ತೇನಿಲ್ಲ” ಎಂದರು. ಹೆಂಡತಿಗೆ ಆ ಮಾತು ಚುಚ್ಚಿತು. ಆದರೂ ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗಿಬಂದಳು.

ವಕೀಲ ಗೆಳೆಯನೊಬ್ಬನನ್ನು ಕೇಳಿದೆ, ಇದಕ್ಕೆ ಕಾನೂನು ಇಲ್ಲವೇ ಎಂದು. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲ ಇವೆ; ಖಾಸಗಿ ಬಾಡಿಗೆ ಮನೆ ಇಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘವೊಂದು ತನ್ನವರಿಗೆ ಮಾತ್ರ ಸದಸ್ಯತ್ವ ಎಂದು ನಿಯಮ ಇಟ್ಟುಕೊಂಡದ್ದನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಧರ್ಮದ ಕಾಲಂ ಇರುವುದಿಲ್ಲ ನಿಜ. ತಂದೆಯ ಹೆಸರು ಬರೆದರೆ ಸಾಕಲ್ಲ.

ನಾವೇನು ಕಡಿಮೆಯಿಲ್ಲ. ಕೌಲ್ ಬಜಾರಿನಲ್ಲಿ ನಮ್ಮ ಚಾಚಾ ಮಹಡಿಯ ಮೇಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಬೋರ್ಡು ಹಾಕಿದ್ದರು. ನಾನಿದ್ದಾಗಲೇ ಸರ್ಕಾರಿ ಕಚೇರಿಯ ದಲಿತ ಗುಮಾಸ್ತರೊಬ್ಬರು ಬಂದರು. ಚಾಚಾ ಊರು ಕೇಳಿದರು, ಕೇರಿ ಕೇಳಿದರು. ಆಮೇಲೆ, “ನನ್ನದೇನಿಲ್ಲಪ್ಪ, ನಮ್ಮ ಮನೆಯವರು ಒಪ್ಪಲ್ಲ” ಎಂದರು. ಸಿರುಗುಪ್ಪದ ಮಾತು ಉರ್ದು ಮನೆಯೊಳಗಿಂದ ಬಂದದ್ದು ಕೇಳಿ ನನಗೆ ತಡೆಯಲಾಗಲಿಲ್ಲ. “ಚಾಚಾ, ನಮಗೂ ಹೀಗೇ ಹೇಳಿದರಲ್ಲ?” ಎಂದೆ. “ಅದು ಬೇರೆ, ಇದು ಬೇರೆ” ಎಂದರು. ಪರದೆಯ ಹಿಂದಿನಿಂದ ಚಾಚಿಯ ದನಿ ಬಂತು: “ಮೇರೆಕು ಕೋನ್ ಪೂಛೆ?” ನನ್ನನ್ನು ಯಾರು ಕೇಳಿದರು?

ನಾನು ಕೂಡಲೇ ಬಾಗಿಲಿಗೆ ಓಡಿದೆ. ಗುಮಾಸ್ತರು ಅಷ್ಟರಲ್ಲಿ ಬೈಕು ತಿರುಗಿಸಿಕೊಂಡು ಓಣಿ ದಾಟಿದ್ದರು.